ಕಾಳು ಅಳೆದು ಹಾಕುವವರನ್ನೂ ಸುರಿದು ಹೋಗುವವರನ್ನೂ ಒಂದೇ ಮಾಡಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಪಾರಿವಾಳಗಳ ಕಾಟದ ಬಗ್ಗೆ ಒಂದು ಪತ್ರ ಬಂದಿತ್ತು. ಸರ್ಕಲ್ಲಿನಲ್ಲಿ, ದೇವಸ್ಥಾನದ ಮುಂದೆ, ಕೆರೆ ಏರಿ ಮೇಲೆ ಜೋಳದ ಚೀಲ ಬಿಚ್ಚಿ ಸುರಿಯುವುದನ್ನು ನಿಲ್ಲಿಸಬೇಕು, ದಂಡ ಹಾಕಬೇಕು ಅಂತ ಬರೆದಿದ್ದರು. ಅಲ್ಲಿವರೆಗೆ ನನಗೂ ಸರಿ ಅನ್ನಿಸಿತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು. ಮಹಡಿ ಮೇಲೆ ಗೂಡು ಕಟ್ಟಿಕೊಂಡು ಪಾರಿವಾಳ ಹಾರಿಸುವವರನ್ನೂ ಇದರ ಜೊತೆಗೇ ಮುಚ್ಚಿಸಿ, ಇಬ್ಬರೂ ಒಂದೇ ಅಂತ. ಅದನ್ನು ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಇರುವವನು. ಮೂವತ್ತು ವರ್ಷ ಲೇತ್ ಮೆಷಿನ್ ಮುಂದೆ ನಿಂತು ಕೆಲಸ ಮಾಡಿದೆ, ಈಗ ನಿವೃತ್ತ. 1989ರಿಂದ ಪಾರಿವಾಳ ಸಾಕುತ್ತಿದ್ದೇನೆ. ಸದ್ಯ ನನ್ನ ಹತ್ತಿರ ಇರುವುದು ರೋಲರ್ ಜಾತಿಯವು. ಬರ್ಮಿಂಗ್‌ಹ್ಯಾಮ್ ರೋಲರ್ ಅಂತ ಪೂರ್ತಿ ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ, ಕಲ್ಲಿದ್ದಲು ಗಣಿ ಮತ್ತು ಕಬ್ಬಿಣದ ಕಾರ್ಖಾನೆಗಳ ಸೀಮೆಯಲ್ಲಿ, ದುಡಿಯುವ ಜನ ಮನೆ ಹಿತ್ತಲಲ್ಲಿ ಗೂಡು ಇಟ್ಟುಕೊಂಡು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ಹಕ್ಕಿ ಇದು. ನಾನೂ ಕಾರ್ಖಾನೆಯವನೇ ಆದ್ದರಿಂದ ಅದು ನನಗೆ ಮೊದಲಿಂದಲೂ ಹತ್ತಿರದ ವಿಷಯ ಅನ್ನಿಸುತ್ತದೆ.

ನೋಡದವರಿಗೆ ಹೇಳಬೇಕು. ಹಾರುತ್ತಾ ಹಾರುತ್ತಾ ಈ ಹಕ್ಕಿ ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಒಂದಲ್ಲ, ಒಂದರ ಹಿಂದೆ ಒಂದು, ಎಷ್ಟು ಬೇಗ ಅಂದರೆ ರೆಕ್ಕೆ ಯಾವುದು ಬಾಲ ಯಾವುದು ಗೊತ್ತಾಗುವುದಿಲ್ಲ. ನೂಲಿನ ಉಂಡೆಯೊಂದನ್ನು ಮೇಲಿಂದ ಬಿಟ್ಟ ಹಾಗೆ ಹತ್ತು, ಇಪ್ಪತ್ತು, ಮೂವತ್ತು ಅಡಿ ನೇರ ಕೆಳಗೆ ಬರುತ್ತದೆ. ಆಮೇಲೆ ಫಕ್ಕನೆ ರೆಕ್ಕೆ ಬಿಚ್ಚಿ ಮತ್ತೆ ಮೇಲಕ್ಕೆ ಹೋಗಿ ತನ್ನ ಗುಂಪು ಸೇರಿಕೊಳ್ಳುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ. ಮರಿ ಗೂಡು ಬಿಟ್ಟು ಹಾರಲು ಶುರು ಮಾಡಿದಾಗ ಬೇರೆ ಪಾರಿವಾಳದ ಹಾಗೇ ಹಾರುತ್ತದೆ. ಕೆಲವು ತಿಂಗಳು ಆದ ಮೇಲೆ ಒಂದು ದಿನ ಬಾಲದ ಮೇಲೆ ಕೂತ ಹಾಗೆ ಮಾಡುತ್ತದೆ, ಇನ್ನೊಂದು ದಿನ ಒಂದು ಪಲ್ಟಿ, ಆಮೇಲೆ ಎರಡು. ರಕ್ತದಲ್ಲೇ ಬಂದಿರುವುದು ಅದು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಗಿರೇಬಾಜ್ ಅಂತ ಹೆಸರು ಕೇಳಿರುತ್ತೀರಿ, ಅವೂ ಗಾಳಿಯಲ್ಲಿ ಪಲ್ಟಿ ಹೊಡೆಯುವ ಜಾತಿಯೇ. ಲೋಟನ್ ಅಂತ ಇನ್ನೊಂದಿದೆ, ಅದನ್ನು ಸ್ವಲ್ಪ ಅಲ್ಲಾಡಿಸಿ ಕೆಳಗೆ ಬಿಟ್ಟರೆ ನೆಲದ ಮೇಲೇ ಉರುಳುತ್ತದೆ. ಅಕ್ಬರನ ಕಾಲದ ಐನ್-ಇ-ಅಕ್ಬರಿ ಅನ್ನುವ ಗ್ರಂಥದಲ್ಲಿ ಲೋಟನ್ ವಿಷಯ ಇದೆ. ಡಾರ್ವಿನ್ ಕೂಡ ಅದನ್ನೇ ಹಿಡಿದು, 1600ಕ್ಕಿಂತ ಮೊದಲೇ ಭಾರತದಲ್ಲಿ ಪಲ್ಟಿ ಹೊಡೆಯುವ ಪಾರಿವಾಳ ಇದ್ದವು ಅಂತ ಬರೆದಿದ್ದಾನೆ. ಡಾರ್ವಿನ್ ಸ್ವತಃ ಪಾರಿವಾಳ ಸಾಕಿದವನು, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬುಗಳಲ್ಲಿ ಸದಸ್ಯನಾಗಿದ್ದವನು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಳು.

ರೋಲರ್ ಸಾಕುವವನ ಇಡೀ ಕೆಲಸ ಇರುವುದು ಕಾಳಿನ ಅಳತೆಯಲ್ಲಿ. ಒಳ್ಳೇ ತಳಿ ತಂದುಬಿಟ್ಟರೆ ಆಯಿತು, ಹಾರಿಬಿಟ್ಟರೆ ಆಯಿತು ಅಂತ ಅಂದುಕೊಂಡು ಶುರು ಮಾಡಿದವರು ಒಂದು ವರ್ಷದೊಳಗೆ ಗೂಡು ಮಾರಿ ಹೋಗಿದ್ದನ್ನು ನೋಡಿದ್ದೇನೆ. ನನಗೆ ಮೊದಲ ಜೋಡಿ ಕೊಟ್ಟವರು ಶಿವಾಜಿನಗರದ ಕಡೆಯ ಒಬ್ಬ ಹಿರಿಯರು, ನಾವೆಲ್ಲ ಚಾಚಾ ಅಂತ ಕರೆಯುತ್ತಿದ್ದೆವು. ಈಗ ಅವರಿಲ್ಲ. ಜೋಡಿ ಕೊಡುವ ಮೊದಲು ಅವರು ನನ್ನ ಕೈಗೆ ಒಂದು ಹಕ್ಕಿ ಕೊಟ್ಟು, "ಎದೆ ಮುಟ್ಟಿ ನೋಡಪ್ಪ, ಏನು ಗೊತ್ತಾಗುತ್ತೆ ಹೇಳು" ಅಂದರು. ನಾನು ಮೆತ್ತಗಿದೆ ಅಂದೆ. "ಎದೆ ಮಧ್ಯೆ ಮೂಳೆ ಸಿಗುತ್ತಾ?" ಅಂತ ಕೇಳಿದರು. ಸಿಗುತ್ತೆ ಅಂದೆ. "ಚಾಕು ಹಂಗೆ ಸಿಕ್ಕಿದರೆ ಹಕ್ಕಿ ಬಡವಾಗಿದೆ, ಸಿಗಲೇ ಇಲ್ಲ ಅಂದ್ರೆ ಕೊಬ್ಬಿದೆ. ಎರಡರ ಮಧ್ಯೆ ಇರಬೇಕು. ಇದನ್ನ ನಿನ್ನ ಬೆರಳು ಕಲಿಯೋವರೆಗೂ ಹಾರಿಸಬೇಡ" ಅಂದರು. ಇವತ್ತಿಗೂ ಹಾರಿಸುವ ಮೊದಲು ಮೂರ್ನಾಲ್ಕು ಹಕ್ಕಿ ಹಿಡಿದು ಬೆರಳಲ್ಲಿ ಎದೆ ಸವರಿ ನೋಡುತ್ತೇನೆ.

ನನ್ನ ಲೆಕ್ಕ ಹೇಳುತ್ತೇನೆ. ಹಾರುವ ತಂಡದಲ್ಲಿ ಇಪ್ಪತ್ತು ಹಕ್ಕಿ. ಒಂದು ಹಕ್ಕಿಗೆ ದಿನಕ್ಕೆ ಹೆಚ್ಚು ಕಡಿಮೆ 25ರಿಂದ 30 ಗ್ರಾಂ ಕಾಳು. ಚಾಚಾ ಅರ್ಧ ಚಟಾಕು ಅನ್ನುತ್ತಿದ್ದರು, ಲೆಕ್ಕ ಅದೇ. ಇಪ್ಪತ್ತಕ್ಕೆ ಅರ್ಧ ಕೆಜಿ ಆಯಿತು, ನಮ್ಮಮ್ಮನ ಕಾಲದ ಹಿತ್ತಾಳೆ ಪಾವಿನಲ್ಲಿ ಎರಡೂವರೆ ಪಾವು. ದಿನಕ್ಕೆ ಒಂದೇ ಸಲ. ಅದೂ ಹಾರಿ ಬಂದ ಮೇಲೆ. ಕೊರಳ ಕೆಳಗೆ ಕಾಳಿನ ಚೀಲ ತುಂಬಿರುವ ಹಕ್ಕಿಯನ್ನು ಹಾರಿಸಬಾರದು, ಊಟ ಮಾಡಿದವನನ್ನು ಎಬ್ಬಿಸಿ ಓಡಿಸಿದ ಹಾಗೆ ಆಗುತ್ತದೆ ಅದು.

ಯಾವ ಕಾಳು ಅನ್ನುವುದು ಇನ್ನೂ ಮುಖ್ಯ. ಹಾರುವ ತಂಡಕ್ಕೆ ಗೋಧಿಯೇ ಆಧಾರ, ಚಳಿಗಾಲದಲ್ಲಿ ಮಾತ್ರ ಸ್ವಲ್ಪ ಬಿಳಿ ಜೋಳ. ಬಟಾಣಿ, ಕಡಲೆ, ಹೆಸರು ಇವೆಲ್ಲ ಮರಿ ಮಾಡುವ ಜೋಡಿಗೆ ಮತ್ತು ಗರಿ ಉದುರುವ ಕಾಲಕ್ಕೆ. ಗರಿ ಹೊಸದಾಗಿ ಬರುವಾಗ ಪ್ರೋಟೀನ್ ಬೇಕು, ಆಗ ಕಾಳಿನಲ್ಲಿ ಕಂಜೂಸ್ ಮಾಡಿದರೆ ಗರಿಯ ಮೇಲೆ ಅಡ್ಡ ಗೆರೆ ಬೀಳುತ್ತದೆ. ಆದರೆ ಅದೇ ಬಟಾಣಿಯನ್ನು ಹಾರುವ ತಂಡಕ್ಕೆ ದಿನಾ ಹಾಕಿದರೆ ಮೈಯಲ್ಲಿ ಶಕ್ತಿ ಜಾಸ್ತಿಯಾಗಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ ಗಂಟೆಗಟ್ಟಲೆ ಸುತ್ತುತ್ತವೆ, ಪಲ್ಟಿ ಮರೆತೇಬಿಡುತ್ತವೆ. ಕಡಿಮೆ ಹಾಕಿದರೆ ಅದಕ್ಕಿಂತ ಕೆಟ್ಟದು. ನಿಶ್ಶಕ್ತಿಯಾದ ಹಕ್ಕಿಗೆ ಪಲ್ಟಿ ಶುರು ಮಾಡಲು ಬರುತ್ತದೆ, ನಿಲ್ಲಿಸಲು ಆಗುವುದಿಲ್ಲ.

ಮಿಶ್ರ ಕಾಳು ಹಾಕುವುದರಲ್ಲಿ ಇನ್ನೊಂದು ತೊಂದರೆ ಇದೆ. ಜೋರಾಗಿರುವ ಗಂಡು ಹಕ್ಕಿಗಳು ಮೊದಲು ನುಗ್ಗಿ ತಮಗೆ ಇಷ್ಟವಾದದ್ದನ್ನೇ ಆರಿಸಿ ತಿಂದುಬಿಡುತ್ತವೆ, ಮೆತ್ತಗಿರುವವಕ್ಕೆ ಉಳಿದದ್ದು. ಮಾರನೇ ದಿನ ನಾಲ್ಕು ಹಕ್ಕಿ ಮೇಲೆ, ಹತ್ತು ಮಧ್ಯದಲ್ಲಿ, ಆರು ಕೆಳಗೆ. ತಂಡ ಒಡೆದು ಹೋಗುತ್ತದೆ. ಒಂದೇ ಕಾಳು ಹಾಕಿದರೆ ಎಲ್ಲರ ಹೊಟ್ಟೆಯೂ ಒಂದೇ, ಹಾರುವ ಎತ್ತರವೂ ಒಂದೇ. ಇದು ನನ್ನ ಅನುಭವ ಅಂತ ಅಂದುಕೊಂಡಿದ್ದೆ. ಆಮೇಲೆ ಒಬ್ಬರು ಓದಿ ಹೇಳಿದರು, ಅಕ್ಬರನ ಅರಮನೆಯಲ್ಲೂ ಹೀಗೇ ಇತ್ತಂತೆ. ಅವನ ಹತ್ತಿರ 20,000ಕ್ಕೂ ಹೆಚ್ಚು ಪಾರಿವಾಳ, ಅದರಲ್ಲಿ 500 ಮಾತ್ರ ಖಾಸಾ, ಅಂದರೆ ಬಾದಶಹನ ಸ್ವಂತದವು. ಉಳಿದವಕ್ಕೆಲ್ಲ ಅಕ್ಕಿ, ಬೇಳೆ, ಹೆಸರು, ಜೋಳ ಅಂತ ಏಳು ಬಗೆ ಕಾಳಿನ ಮಿಶ್ರಣ. ಹಾರುವ ಪಾರಿವಾಳಗಳಿಗೆ ಮಾತ್ರ ಬೇರೆ ಏನೂ ಬೆರೆಸದ ಸಣ್ಣ ಸಿರಿಧಾನ್ಯ. ನೂರು ಹಕ್ಕಿಗೆ ಇಷ್ಟು ಸೇರು ಅಂತ ಅಳತೆಯನ್ನೂ ಬರೆದಿಟ್ಟಿದ್ದಾರೆ. ಖಜಾನೆಯಲ್ಲಿ ಎಷ್ಟು ಬೇಕಾದರೂ ಇದ್ದವನ ಮನೆಯಲ್ಲೂ ಪಾರಿವಾಳಕ್ಕೆ ಕಾಳು ಅಳೆದೇ ಹಾಕುತ್ತಿದ್ದರು.

ನಮ್ಮ ಮನೆಯ ಸಂಜೆ ಹೀಗಿರುತ್ತದೆ. ನಾಲ್ಕೂವರೆಗೆ ತಂಡ ಬಿಡುತ್ತೇನೆ. ಅರ್ಧ ಮುಕ್ಕಾಲು ಗಂಟೆ ಮನೆ ಮೇಲೇ ಸುತ್ತು ಹಾಕಿ ಇಳಿಯುತ್ತವೆ. ಡಬ್ಬಿಯಲ್ಲಿ ನಾಲ್ಕು ಕಾಳು ಹಾಕಿ ಅಲ್ಲಾಡಿಸಿದರೆ ಸಾಕು, ತಾರಸಿಯಿಂದ ಸಾಲಾಗಿ ಗೂಡಿನೊಳಗೆ. ಉದ್ದನೆಯ ಮರದ ತೊಟ್ಟಿಯಲ್ಲಿ ಗೋಧಿಯನ್ನು ಒಂದೇ ಸಲ ಸುರಿಯುವುದಿಲ್ಲ, ಹಿಡಿ ಹಿಡಿಯಾಗಿ ಹಾಕುತ್ತೇನೆ. ಮೊದಲ ಹಿಡಿಗೆ ಟಕಟಕ ಅಂತ ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಶಬ್ದ. ನಾಲ್ಕನೇ ಹಿಡಿ ಹೊತ್ತಿಗೆ ಶಬ್ದ ನಿಧಾನ ಆಗುತ್ತದೆ. ಆಗ ನಾನು ಕಾಳು ನೋಡುವುದಿಲ್ಲ, ನೀರಿನ ಕಡೆ ನೋಡುತ್ತೇನೆ. ಮೊದಲ ಹಕ್ಕಿ ತೊಟ್ಟಿ ಬಿಟ್ಟು ನೀರಿಗೆ ಹೋಯಿತು, ಎರಡನೆಯದು ಹೋಯಿತು, ಮೂರನೆಯದು ಹೋಯಿತು ಅಂದರೆ ಸಾಕು ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ ತೊಟ್ಟಿ ಎತ್ತಿಬಿಡುತ್ತೇನೆ. ಒಂದು ಕಾಳೂ ಉಳಿಯುವುದಿಲ್ಲ, ಉಳಿಯಬಾರದು. ಉಳಿದರೆ ಇಲಿ ಬರುತ್ತದೆ, ಒದ್ದೆಯಾದರೆ ಬೂಸಲು ಹಿಡಿಯುತ್ತದೆ. ಡಿಸೆಂಬರ್ ಜನವರಿ ಚಳಿಯಲ್ಲಿ ಅರ್ಧ ಪಾವು ಜೋಳ ಜಾಸ್ತಿ. ಮುಂದಿನ ದಿನ ಹಾರಿಸುವುದಿಲ್ಲ ಅಂದರೆ ಸ್ವಲ್ಪ ಕಡಿಮೆ. ಪಕ್ಕದಲ್ಲಿ ಸಣ್ಣ ಬಟ್ಟಲಿನಲ್ಲಿ ಸಣ್ಣ ಕಲ್ಲು, ಕಪ್ಪೆಚಿಪ್ಪಿನ ಪುಡಿ. ಹಕ್ಕಿಗೆ ಹಲ್ಲಿಲ್ಲವಲ್ಲ, ಹೊಟ್ಟೆಯಲ್ಲಿ ಕಾಳು ಅರೆಯುವುದು ಆ ಕಲ್ಲೇ.

ಇಷ್ಟೆಲ್ಲ ಹೇಳುವವನು ತಪ್ಪು ಮಾಡಿಲ್ಲ ಅಂತಲ್ಲ. ಒಂದು ಯುಗಾದಿ ಹಬ್ಬದ ದಿನ ಮನೆಯಲ್ಲಿ ನೆಂಟರು, ನಾನು ಕೆಳಗೆ ಕೆಲಸದಲ್ಲಿದ್ದೆ. ನನ್ನ ಭಾವಮೈದ ಪ್ರೀತಿಯಿಂದಲೇ ಮೇಲೆ ಹೋಗಿ ತಂಡಕ್ಕೆ ಒಂದು ದೊಡ್ಡ ತಟ್ಟೆ ಕಡಲೆ, ಮೆಕ್ಕೆಜೋಳ ಹಾಕಿ ಬಂದಿದ್ದಾನೆ. ನನಗೆ ಗೊತ್ತಾಗಿದ್ದು ರಾತ್ರಿ. ಮಾರನೇ ದಿನ ಹಾರಿಸಬಾರದಿತ್ತು. ಏನೂ ಆಗುವುದಿಲ್ಲ ಅಂದುಕೊಂಡು ಬಿಟ್ಟೆ. ಹತ್ತೇ ನಿಮಿಷದಲ್ಲಿ ತಂಡ ಎಳ್ಳಿನ ಕಾಳಿನಷ್ಟು ಕಂಡಿತು. ಒಂದು ಪಲ್ಟಿ ಇಲ್ಲ. ಐದೂವರೆ ಆಯಿತು, ಆರೂವರೆ ಆಯಿತು, ದೀಪ ಹಚ್ಚಿದರು, ಇಳಿಯಲಿಲ್ಲ. ಕತ್ತಲಲ್ಲಿ ಡಬ್ಬಿ ಅಲ್ಲಾಡಿಸುತ್ತಾ ತಾರಸಿ ಮೇಲೆ ಒಂಬತ್ತು ಗಂಟೆವರೆಗೆ ನಿಂತಿದ್ದೆ. ಆರು ಹಕ್ಕಿ ಆ ರಾತ್ರಿ ಬರಲಿಲ್ಲ. ಬೆಳಗ್ಗೆ ನಾಲ್ಕು ಬಂದವು. ಎರಡು ಬರಲೇ ಇಲ್ಲ.

ಇನ್ನೊಂದು ಇದಕ್ಕಿಂತ ಕಷ್ಟದ್ದು. ಐದು ತಿಂಗಳ ಹೆಣ್ಣು ಮರಿ, ಕಪ್ಪು ಮೈ, ರೆಕ್ಕೆ ತುದಿ ಬಿಳಿ. ತುಂಬಾ ಚೆನ್ನಾಗಿ ಆಡುತ್ತಿತ್ತು. ಭಾನುವಾರ ಸ್ನೇಹಿತರು ನೋಡಲು ಬರುತ್ತಾರೆ, ಹಕ್ಕಿಗಳು ಹಗುರವಾಗಿ ಚೆನ್ನಾಗಿ ಪಲ್ಟಿ ಹೊಡೆಯಲಿ ಅಂತ ಎರಡು ದಿನ ಅರ್ಧ ಪಾವು ಕಡಿಮೆ ಹಾಕಿದೆ. ಭಾನುವಾರ ಅದು ಪಲ್ಟಿ ಶುರು ಮಾಡಿತು, ನಿಲ್ಲಲಿಲ್ಲ. ಪಕ್ಕದ ಮನೆಯ ಶೀಟಿನ ಮೇಲೆ ಬಿದ್ದ ಸದ್ದು ಕೇಳಿತು. ಏಣಿ ಹಾಕಿ ಹತ್ತಿ ಎತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು. ಬೆರಳು ತಾನಾಗೇ ಎದೆಗೆ ಹೋಯಿತು. ಮೂಳೆ ಚಾಕುವಿನ ಹಾಗೆ ಸಿಕ್ಕಿತು. ಮೂರು ದಿನದಿಂದ ನಾನು ಎದೆ ಮುಟ್ಟಿ ನೋಡಿರಲಿಲ್ಲ. ಕೆಲವು ಹಕ್ಕಿ ಎಷ್ಟು ಚೆನ್ನಾಗಿ ಸಾಕಿದರೂ ಹೀಗೆ ನಿಲ್ಲಿಸಲಾಗದೆ ಬೀಳುತ್ತವೆ, ಅಂಥ ರಕ್ತದಿಂದ ಮರಿ ತೆಗೆಯಬಾರದು, ನಾವು ಯಾರೂ ತೆಗೆಯುವುದೂ ಇಲ್ಲ. ಆದರೆ ಈ ಮರಿ ಹಾಗಿರಲಿಲ್ಲ. ಇದು ಅರ್ಧ ಪಾವಿನ ತಪ್ಪು, ನನ್ನದೇ ತಪ್ಪು.

ಪತ್ರ ಬರೆದವರಿಗೆ ನಾನು ಹೇಳುವುದು ಇದನ್ನೇ. ಅರ್ಧ ಪಾವು ಹೆಚ್ಚಾದರೆ ಹಕ್ಕಿ ಕಳೆದುಕೊಳ್ಳುತ್ತೇವೆ, ಅರ್ಧ ಪಾವು ಕಡಿಮೆಯಾದರೆ ಹಕ್ಕಿ ಸಾಯುತ್ತದೆ. ಹೀಗೆ ಕಾಳಿನ ಮೇಲೆ ಪ್ರಾಣ ಇಟ್ಟುಕೊಂಡು ಬದುಕುವವರನ್ನು, ಕಾರಿನಿಂದ ಇಳಿದು ಹತ್ತು ಕೆಜಿ ಸುರಿದು ಕೈ ಒದರಿ ಹೋಗುವವರ ಜೊತೆ ಹೇಗೆ ಸೇರಿಸುತ್ತೀರಿ?

ಸುರಿದು ಹೋಗುವವರ ಮೇಲೆ ನನಗೆ ಕೋಪ ಇಲ್ಲ, ಪುಣ್ಯ ಬರಲಿ ಅಂತ ಮಾಡುತ್ತಾರೆ. ಆದರೆ ಅದರಿಂದ ಹಕ್ಕಿಗೆ ಒಳ್ಳೆಯದಾಗುವುದಿಲ್ಲ. ಪಾರಿವಾಳ ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ, ಹದಿನೇಳು ಹದಿನೆಂಟು ದಿನಕ್ಕೆ ಮರಿ. ತಿನ್ನಲು ಹೇರಳವಾಗಿ ಸಿಕ್ಕರೆ ಒಂದು ಮರಿ ಹಾರುವ ಮೊದಲೇ ಇನ್ನೊಂದು ಜೊತೆ ಮೊಟ್ಟೆ. ಹೀಗೆ ಹೆಚ್ಚಿದ ಹಕ್ಕಿಗೆ ಜಾಗ ಎಲ್ಲಿ? ನಿಮ್ಮ ಕಿಟಕಿ, ಎ.ಸಿ. ಡಬ್ಬದ ಹಿಂದೆ, ಬಾಲ್ಕನಿ. ಗಲೀಜಿನ ಮಧ್ಯೆ ಮರಿಗೆ ಕಾಯಿಲೆ. ಕುಂಟುವ, ಕಾಲಿಗೆ ದಾರ ಸುತ್ತಿಕೊಂಡು ಬೆರಳು ಕಳೆದುಕೊಂಡ ಹಕ್ಕಿಗಳನ್ನು ಸರ್ಕಲ್ಲಿನಲ್ಲಿ ಯಾವತ್ತು ಬೇಕಾದರೂ ನೋಡಬಹುದು.

ಕೊಲ್ಲುವುದರಿಂದಲೂ ಪ್ರಯೋಜನ ಇಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವರು 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳ ಕೊಂದರು, ಊರಲ್ಲಿದ್ದ ಸಂಖ್ಯೆ ಮಾತ್ರ ಇಪ್ಪತ್ತು ಸಾವಿರದ ಹತ್ತಿರವೇ ಇತ್ತು. 1988ರಲ್ಲಿ ದಾರಿ ಬದಲಿಸಿದರು. ಕಂಡಕಂಡಲ್ಲಿ ಕಾಳು ಹಾಕಬೇಡಿ, ಅದು ಪ್ರೀತಿಯಲ್ಲ ಅಂತ ಜನರಿಗೆ ತಿಳಿಹೇಳಿದರು, ಕೆಲವು ಕಡೆ ಗೂಡು ಕಟ್ಟಿಸಿ ಅಲ್ಲಿ ನೋಡಿಕೊಂಡರು, ಮೊಟ್ಟೆ ತೆಗೆದರು. ಸುಮಾರು ನಾಲ್ಕು ವರ್ಷದಲ್ಲಿ ಸಂಖ್ಯೆ ಅರ್ಧಕ್ಕೆ ಇಳಿಯಿತು. ಕಾಳಿನ ಮೇಲೂ ಮೊಟ್ಟೆಯ ಮೇಲೂ ಹಿಡಿತ ಇಟ್ಟುಕೊಂಡದ್ದರ ಫಲ ನೋಡಿ.

ನಮ್ಮ ಗೂಡಿನಲ್ಲಿ ಅದನ್ನೇ ದಿನಾ ಮಾಡುತ್ತೇವೆ. ವರ್ಷದ ಹೆಚ್ಚಿನ ತಿಂಗಳು ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಎಷ್ಟು ಮರಿ ಬೇಕೋ ಅಷ್ಟೇ ಜೋಡಿ ಕಟ್ಟುತ್ತೇವೆ, ಬೇಡದ ಮೊಟ್ಟೆಯ ಜಾಗಕ್ಕೆ ಪ್ಲಾಸ್ಟಿಕ್ ಮೊಟ್ಟೆ ಇಡುತ್ತೇವೆ. ರೋಲರ್ ಬೇರೆಯವರ ಕಿಟಕಿಗೆ ಹೋಗಿ ಕೂರುವುದಿಲ್ಲ. ಮನೆ ಮೇಲೆ ಸುತ್ತುತ್ತದೆ, ಮನೆಗೇ ಇಳಿಯುತ್ತದೆ, ಹೊಟ್ಟೆ ಹಸಿದಿರುತ್ತದಲ್ಲ.

ಉಸಿರಾಟದ ವಿಷಯ ಆ ಪತ್ರದಲ್ಲಿ ಬಂದಿತ್ತು, ಅದು ನಿಜ. ಪಾರಿವಾಳದ ಹಿಕ್ಕೆಯ ಧೂಳು, ಗರಿಯ ಬಿಳಿ ಪುಡಿ ಕೆಲವರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಪಾರಿವಾಳ ಸಾಕುವವರ ಶ್ವಾಸಕೋಶದ ಕಾಯಿಲೆ ಅಂತ ಡಾಕ್ಟರುಗಳು ಹೆಸರೇ ಇಟ್ಟಿದ್ದಾರೆ. ಗೂಡು ಗುಡಿಸಿದ ಕೆಲವು ಗಂಟೆ ಬಿಟ್ಟು ಕೆಮ್ಮು, ಮೈ ಬಿಸಿ, ಉಸಿರು ಕಟ್ಟುವುದು. ಅಸಡ್ಡೆ ಮಾಡಿದರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ, ಆಮೇಲೆ ಸರಿಹೋಗುವುದಿಲ್ಲ. ಸಾಕುವವರು ಯಾರೂ ಇದನ್ನು ಮುಚ್ಚಿಡಬಾರದು. ನಾನು ಮಾಸ್ಕ್ ಹಾಕಿಕೊಳ್ಳದೆ ಗೂಡಿನೊಳಗೆ ಕಾಲಿಡುವುದಿಲ್ಲ, ಕೆರೆಯುವ ಮೊದಲು ನೀರು ಚಿಮುಕಿಸುತ್ತೇನೆ, ಹಿಕ್ಕೆಯನ್ನು ದಿನಾ ತೆಗೆದು ಡಬ್ಬದಲ್ಲಿ ಮುಚ್ಚಿಡುತ್ತೇನೆ. ಎದುರು ಮನೆಯ ಅಕ್ಕ ತಮ್ಮ ಗುಲಾಬಿ ಗಿಡಗಳಿಗೆ ತೆಗೆದುಕೊಂಡು ಹೋಗುತ್ತಾರೆ. ಪಕ್ಕದ ಮನೆಯ ಮಗುವಿಗೆ ಗೂರಲು ಇದೆ ಅಂತ ಗೊತ್ತಾದ ಮೇಲೆ ಗೂಡನ್ನು ತಾರಸಿಯ ಆ ಮೂಲೆಯಿಂದ ಈ ಮೂಲೆಗೆ ಸರಿಸಿದೆ. ಖರ್ಚಾಯಿತು, ಆದರೆ ಮಾಡಲೇಬೇಕಿತ್ತು.

ಹೊರದೇಶಗಳಲ್ಲಿ ರೋಲರ್ ಸ್ಪರ್ಧೆಗಳು ನಡೆಯುತ್ತವೆ. ಇಂಗ್ಲೆಂಡ್, ಅಮೆರಿಕ, ದಕ್ಷಿಣ ಆಫ್ರಿಕಾ ಮುಂತಾದ ದೇಶಗಳವರು ಸೇರುವ ವಿಶ್ವಕಪ್ಪೂ ಇದೆ. ತಂಡ ಇಪ್ಪತ್ತು ಹಕ್ಕಿಯದು, ಸಮಯ 20 ನಿಮಿಷ. ಒಂದೊಂದೇ ಪಲ್ಟಿ ಹೊಡೆದರೆ ಅಂಕ ಇಲ್ಲ, ಕನಿಷ್ಠ ಐದಾದರೂ ಒಂದೇ ಕ್ಷಣಕ್ಕೆ ಒಟ್ಟಿಗೆ ಹೊಡೆಯಬೇಕು. ಎಷ್ಟು ಹಕ್ಕಿ ಒಟ್ಟಿಗೆ, ಎಷ್ಟು ಬಿಗಿ, ಎಷ್ಟು ಆಳ ಎಲ್ಲವನ್ನೂ ನಿರ್ಣಾಯಕರು ನೋಡುತ್ತಾರೆ. ಇಪ್ಪತ್ತು ಹಕ್ಕಿ ಒಂದೇ ಮನಸ್ಸಿನಿಂದ ತಿರುಗಿ, ಬಿಸಿಲು ರೆಕ್ಕೆಗೆ ಬಿದ್ದು, ಅದರಲ್ಲಿ ಹತ್ತು ಒಂದೇ ಸಲಕ್ಕೆ ಕಳಚಿ ಬೀಳುವುದನ್ನು ನಾನು ನನ್ನ ತಾರಸಿಯಿಂದ ಈ ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಸಲ ನೋಡಿದ್ದೇನೆ. ಪ್ರತಿ ಸಲವೂ ಆ ದಿನದ ತಾರೀಖು ನೆನಪಿದೆ.

ನಮ್ಮವರ ತಪ್ಪನ್ನೂ ಹೇಳಿಬಿಡುತ್ತೇನೆ. 2007ರಲ್ಲಿ ಅಮೆರಿಕದಲ್ಲಿ ರೋಲರ್ ಸಾಕುವ ಕೆಲವರು ಸಿಕ್ಕಿಬಿದ್ದರು. ತಮ್ಮ ಪಾರಿವಾಳ ಹಿಡಿಯುತ್ತವೆ ಅಂತ ಗಿಡುಗಗಳನ್ನು ಬಲೆ ಹಾಕಿ ಹಿಡಿದು ಕೊಲ್ಲುತ್ತಿದ್ದರು, ಅಲ್ಲಿನ ವನ್ಯಜೀವಿ ಇಲಾಖೆ ಗುಟ್ಟಾಗಿ ತನಿಖೆ ಮಾಡಿ ಕೇಸು ಹಾಕಿತು. ಆ ಸುದ್ದಿ ತಿಳಿದಾಗ ತಲೆ ತಗ್ಗಿಸುವ ಹಾಗಾಯಿತು. ಪಲ್ಟಿ ಹೊಡೆಯುವ ಹಕ್ಕಿ ಗಿಡುಗನ ಕಣ್ಣಿಗೆ ಏಟು ತಿಂದ ಹಕ್ಕಿಯ ಹಾಗೆ ಕಾಣುತ್ತದೆ, ಎರಗುತ್ತದೆ, ಅದರ ಸ್ವಭಾವ ಅದು. ನಮ್ಮಲ್ಲೂ ಬಿಜ್ಜು, ಡೇಗೆಯಂಥ ಬೇಟೆ ಹಕ್ಕಿ ಬರುತ್ತದೆ. ನಾನು ಎಷ್ಟೋ ಹಕ್ಕಿ ಕಳೆದುಕೊಂಡಿದ್ದೇನೆ. ಬಂತು ಅಂದರೆ ಹತ್ತು ಹದಿನೈದು ದಿನ ತಂಡ ಬಿಡದೆ ಗೂಡಲ್ಲೇ ಇಟ್ಟುಕೊಳ್ಳಬೇಕು, ಹಾರಿಸುವ ಸಮಯ ಬದಲಿಸಬೇಕು, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅಂತ ಹೆದರಿ ಸುಮ್ಮನಿರುವುದು ಬೇರೆ, ಗಿಡುಗಕ್ಕೂ ಆಕಾಶದಲ್ಲಿ ಪಾಲಿದೆ ಅಂತ ಸುಮ್ಮನಿರುವುದು ಬೇರೆ. ಹೊಸದಾಗಿ ಸಾಕಲು ಬರುವ ಹುಡುಗರಿಗೆ ಎರಡನೆಯದನ್ನು ಹೇಳಿಕೊಡಬೇಕು.

ಗಿಡುಗಕ್ಕಿಂತ ನನಗೆ ಹೆದರಿಕೆ ಆಷಾಢ. ಗಾಳಿ ಬಂತು ಅಂದರೆ ಗಾಳಿಪಟ. ಗಾಳಿಪಟ ನಾನೂ ಹಾರಿಸಿದವನೇ, ಆದರೆ ಹತ್ತಿ ದಾರದಲ್ಲಿ. ಈಗಿನದು ನೈಲಾನ್ ಮಾಂಜಾ, ಅದಕ್ಕೆ ಗಾಜಿನ ಪುಡಿ. 2017ರ ಜುಲೈನಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ ನಿಷೇಧ ಮಾಡಿದೆ. ಅಂಗಡಿಯಲ್ಲಿ ಕೇಳಿದರೆ ಒಳಗಿಂದ ತಂದುಕೊಡುತ್ತಾರೆ. ಎರಡು ವರ್ಷದ ಹಿಂದೆ ನನ್ನ ತಂಡದ ಒಂದು ಗಂಡು ಬಲಗಡೆ ರೆಕ್ಕೆ ಇಳಿಬಿಟ್ಟುಕೊಂಡು ಹೇಗೋ ಮನೆ ತಲುಪಿತು. ರೆಕ್ಕೆಯ ಬುಡದಲ್ಲಿ ಮೂಳೆ ಕಾಣುವಷ್ಟು ಕುಯ್ದಿತ್ತು. ದಾರ ಇನ್ನೂ ಸುತ್ತಿಕೊಂಡಿತ್ತು, ಬಿಡಿಸಲು ನನ್ನ ಕನ್ನಡಕ, ಹೆಂಡತಿಯ ಸಣ್ಣ ಕತ್ತರಿ, ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತೂ ಅದು ನನ್ನ ಕೈಯಲ್ಲಿ ಅಲ್ಲಾಡದೆ ಕೂತಿತ್ತು. ಬದುಕಿದೆ. ಇನ್ನು ಹಾರುವುದಿಲ್ಲ. ಅದೇ ಜಾತಿಯ ದಾರಕ್ಕೆ ಸ್ಕೂಟರಿನಲ್ಲಿ ಹೋಗುವವರ ಕುತ್ತಿಗೆ ಕುಯ್ದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತಿರುತ್ತದೆ. ಅಧಿಕಾರಿಗಳಿಗೆ ನಿಜವಾಗಿ ಏನಾದರೂ ಮುಚ್ಚಿಸಬೇಕು ಅಂತಿದ್ದರೆ ಆ ದಾರದ ವ್ಯಾಪಾರ ಮುಚ್ಚಿಸಲಿ.

ನಮ್ಮ ಗೂಡುಗಳಿಗೂ ನಿಯಮ ಮಾಡಲಿ, ಬೇಡ ಅನ್ನುವುದಿಲ್ಲ. ಮನೆಯ ಅಳತೆಗೆ ತಕ್ಕ ಹಾಗೆ ಇಷ್ಟೇ ಹಕ್ಕಿ ಅಂತ ಮಿತಿ ಹಾಕಲಿ, ಹೆಸರು ಬರೆಸಿಕೊಳ್ಳಲಿ, ವರ್ಷಕ್ಕೊಂದು ಸಲ ಪಶುವೈದ್ಯರು ಬಂದು ನೋಡಲಿ, ಗಲೀಜು ಇಟ್ಟವರಿಗೆ ದಂಡ ಹಾಕಲಿ. ಕತ್ತು ತಿರುಚಿಕೊಳ್ಳುವ ವೈರಸ್ ಕಾಯಿಲೆಗೆ ಲಸಿಕೆ ಸುಲಭವಾಗಿ ಸಿಗುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು, ಒಂದು ಗೂಡಿಗೆ ಬಂದರೆ ಹತ್ತಾರು ಹಕ್ಕಿ ಹೋಗುತ್ತವೆ. ಆದರೆ ನಿಯಮ ಬರೆಯುವ ಮೊದಲು ಯಾರಾದರೂ ಒಬ್ಬರು ಗೂಡಿಗೆ ಬಂದು ನೋಡಬೇಕು ಅಲ್ವಾ?

ಪತ್ರ ಬರೆದ ಮಹನೀಯರನ್ನೂ ಕರೆಯುತ್ತೇನೆ. ಯಾವ ಸಂಜೆಯಾದರೂ ನಾಲ್ಕೂವರೆಗೆ ಬರಲಿ. ನಿಮ್ಮ ಕಚೇರಿಯಲ್ಲಿ ನನ್ನ ವಿಳಾಸ ಇರುತ್ತದೆ. ಮಾಸ್ಕ್ ನಾನೇ ಕೊಡುತ್ತೇನೆ. ಕಾಫಿ ಕುಡಿದು ತಾರಸಿ ಮೇಲೆ ಕುರ್ಚಿ ಹಾಕಿಕೊಂಡು ಕೂತರೆ ತಂಡ ನೆತ್ತಿ ಮೇಲೇ ಇರುತ್ತದೆ. ಇಳಿದ ಮೇಲೆ ಹಿತ್ತಾಳೆ ಪಾವು ಅವರ ಕೈಗೇ ಕೊಡುತ್ತೇನೆ. ಮೂರನೇ ಹಕ್ಕಿ ನೀರಿಗೆ ಹೋಗುವುದನ್ನು ಅವರೇ ನೋಡಿ ನಿಲ್ಲಿಸಲಿ.

ಇಂತಿ,
ನಿಮ್ಮ ಹಳೆಯ ಓದುಗ,
ಬೆಂಗಳೂರು